ಎಟಿಆರಾ, ಸಣ್ಣ ಜೆಟ್ಟಾ? ಬೆಂಗಳೂರಾ, ಹೈದರಾಬಾದಾ, ಕೋಲ್ಕತಾನಾ? ಹೊಸ ಫಸ್ಟ್ ಆಫೀಸರ್ (ಕೋ-ಪೈಲಟ್) ಕೇಳುತ್ತಿದ್ದೇನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ, ವಯಸ್ಸು 25. ಕಮರ್ಷಿಯಲ್ ಲೈಸೆನ್ಸ್ ಕೈಗೆ ಬಂದು ಒಂದೂವರೆ ವರ್ಷ ಆಯಿತು. ಲಾಗ್‌ಬುಕ್‌ನಲ್ಲಿ 215 ಗಂಟೆ ಇದೆ. ಈ ಒಂದೂವರೆ ವರ್ಷ ಬರೀ ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಟೆಸ್ಟ್, ಇಂಟರ್‌ವ್ಯೂ, ಆಮೇಲೆ ಕಾಯೋದು. ಈಗ ನೋಡಿದರೆ ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ಕರೆ ಬಂದಿದೆ. ಕಂಪನಿಗಳ ಹೆಸರು ಹಾಕುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ಒಂದು ಕಡೆ ಎಟಿಆರ್ 72-600, ಪ್ರೊಪೆಲ್ಲರ್ ಇರುವ ಸಣ್ಣ ಪ್ರಯಾಣಿಕ ವಿಮಾನ. ಅವರು ಒಂದು ಫಾರ್ಮ್ ಕೊಟ್ಟಿದ್ದಾರೆ. ಬೆಂಗಳೂರು, ಹೈದರಾಬಾದ್, ಕೋಲ್ಕತಾ ಈ ಮೂರು ಬೇಸ್‌ಗಳನ್ನು (ಡ್ಯೂಟಿ ಶುರುವಾಗುವ ಊರು) ನಮ್ಮ ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಕೇಳಿದ್ದೇ ಸಿಗುತ್ತದೆ ಅಂತ ಭರವಸೆ ಇಲ್ಲ. ಇನ್ನೊಂದು ಕಡೆ ಪ್ರಾದೇಶಿಕ ಜೆಟ್. ಚಿಕ್ಕ ಫ್ಲೀಟ್ (ವಿಮಾನಗಳು ಕಡಿಮೆ), ಬೇಸ್ ಯಾವುದು ಅಂತ ತರಬೇತಿ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ.

ಅಪ್ಪ ತೋಟದ ಮೇಲೆ ಸಾಲ ತೆಗೆದು ಓದಿಸಿದ್ದಾರೆ. ಎರಡು ಎಕರೆ ಅಡಿಕೆ. ಈ ಸಲ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ. ಹಾಗಾಗಿ ಬೇಗ ಹಾರಾಟ ಶುರುವಾಗಬೇಕು, ಬೇಗ ಗಂಟೆ ಸೇರಬೇಕು. ಫ್ರೆಂಡ್ಸ್ ಎಲ್ಲ ಒಂದೇ ಮಾತು ಹೇಳುತ್ತಾರೆ, ಪ್ರೊಪೆಲ್ಲರ್‌ಗೆ ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀಯ, ಜೆಟ್ಟೇ ಹಿಡಿ ಅಂತ. ನಿಜವಾ? ಮತ್ತೆ ಬೇಸ್ ವಿಷಯದಲ್ಲಿ ನನ್ನ ಲೆಕ್ಕ ಇಷ್ಟೇ, ಊರಿಗೆ ಹತ್ತಿರ ಅಂತ ಬೆಂಗಳೂರು ಮೊದಲು. ಶುಕ್ರವಾರದೊಳಗೆ ಫಾರ್ಮ್ ಕೊಡಬೇಕು.

ಪುಷ್‌ಬ್ಯಾಕ್

ಅಭಿನಂದನೆ! ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜೆಟ್ ತೆಗೆದುಕೊಳ್ಳಿ. 25 ವರ್ಷಕ್ಕೆ ಬೇಸ್ ಯಾವುದಾದರೆ ಏನು? ಮದುವೆ ಆಗಿಲ್ಲ, ಮಕ್ಕಳಿಲ್ಲ, ಒಂದು ಸೂಟ್‌ಕೇಸ್ ಸಾಕು. ಆದರೆ ಲಾಗ್‌ಬುಕ್‌ನ ಮೊದಲ ಸಾವಿರ ಗಂಟೆ ಯಾವ ವಿಮಾನದ್ದು ಅನ್ನೋದು ಜೀವನಪೂರ್ತಿ ಜೊತೆಗಿರುತ್ತದೆ. 37,000 ಅಡಿ ಮೇಲೆ ಹಾರುವುದು, ಜೆಟ್ ವೇಗದಲ್ಲಿ ಯೋಚನೆ ಮಾಡುವುದು, ಇಳಿಯುವ ಲೆಕ್ಕ 100 ಮೈಲಿ ಮುಂಚೆಯೇ ಹಾಕುವುದು, ಇವೆಲ್ಲ ಬೇಗ ಕಲಿತಷ್ಟೂ ಒಳ್ಳೆಯದು. ನಾನು ನೇರ ಎ320 ಜೆಟ್‌ಗೆ ಬಂದವನು. ನನ್ನ ಬ್ಯಾಚ್‌ನಲ್ಲಿ ಟರ್ಬೊಪ್ರಾಪ್‌ನಿಂದ (ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ) ಬಂದವರು ಶುರುವಿನಲ್ಲಿ ಸ್ವಲ್ಪ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಎಡಗಡೆ ಸೀಟು

ಎಟಿಆರ್‌ನಲ್ಲಿ ಕ್ಯಾಪ್ಟನ್ ಆಗಿ ಏಳು ವರ್ಷ ಆಯಿತು. ಅದಕ್ಕೂ ಮುಂಚೆ ಬಲಗಡೆ ಸೀಟಿನಲ್ಲಿ ಐದು ವರ್ಷ ಕೂತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ವಿಮಾನದ ಮಾತು. ಎಟಿಆರ್ ಹಳೇ ಕಾಲದ್ದು ಅಂತ ಅಂದುಕೊಂಡಿರುವವರು ಒಮ್ಮೆ 72-600ರ ಕಾಕ್‌ಪಿಟ್ ನೋಡಬೇಕು. ಎದುರಿಗೆ ಐದು ದೊಡ್ಡ ಪರದೆ ಇವೆ. ಆದರೆ ಆಟೋ ಥ್ರಾಟಲ್ ಇಲ್ಲ. ಪವರ್ ನಿಮ್ಮ ಕೈಯಲ್ಲೇ ಇರುತ್ತದೆ. ಟೇಕಾಫ್ ಆದ ಮೇಲೆ ಪವರ್ ಮ್ಯಾನೇಜ್‌ಮೆಂಟ್ ಗುಂಡಿಯನ್ನು ಟೇಕಾಫ್‌ನಿಂದ ಕ್ಲೈಂಬ್‌ಗೆ ತಿರುಗಿಸುತ್ತೀರಿ. ಆರು ಎಲೆಯ ಪ್ರೊಪೆಲ್ಲರ್‌ಗಳ ಸದ್ದು ಒಂದು ಸ್ವರ ಕೆಳಗಿಳಿಯುತ್ತದೆ. ಆ ಕ್ಷಣ ವಿಮಾನದ ಮೂಗು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ನಿಮ್ಮ ಕಾಲು ತಾನಾಗಿ ಮೂಗು ನೇರ ಮಾಡುವ ರಡ್ಡರ್ ಪೆಡಲ್ ಹುಡುಕಬೇಕು. ಮೊದಲ ತಿಂಗಳು ಎಲ್ಲರ ಕಾಲೂ ತಡವಾಗಿ ಹೋಗುತ್ತದೆ. ಮೂರನೇ ತಿಂಗಳಿಗೆ ಕಾಲು ತಲೆಗಿಂತ ಮುಂಚೆ ಕೆಲಸ ಮಾಡುತ್ತದೆ. ಈ ಅಭ್ಯಾಸ ಮುಂದೆ ಯಾವ ವಿಮಾನಕ್ಕೆ ಹೋದರೂ ಹೋಗುವುದಿಲ್ಲ.

ಎರಡನೆಯದು, ಇದರಲ್ಲಿ ಎಪಿಯು (ನೆಲದ ಮೇಲೆ ಕರೆಂಟು ಕೊಡುವ ಸಣ್ಣ ಎಂಜಿನ್) ಇಲ್ಲ. ನೆಲದ ಮೇಲೆ ಕರೆಂಟು, ಎಸಿ ಬೇಕು ಅಂದರೆ ಬಲಗಡೆ ಎಂಜಿನ್ ಓಡುತ್ತಿರುತ್ತದೆ, ಪ್ರೊಪೆಲ್ಲರ್ ಮಾತ್ರ ಬ್ರೇಕ್ ಹಾಕಿ ನಿಂತಿರುತ್ತದೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. ಗಾಳಿ ಹಿಂದಿನಿಂದ ಜೋರಾಗಿದ್ದರೆ ಅದನ್ನೂ ಬಳಸುವ ಹಾಗಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಿಂತಿದ್ದೀರಿ ಅಂದುಕೊಳ್ಳಿ. ಹೊರಗೆ 42 ಡಿಗ್ರಿ. ಜನ ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದಾರೆ, ಸಾಮಾನು ಮುಂದೆ ತುಂಬುತ್ತಿದೆ. ನೀವು ತೂಕದ ಲೆಕ್ಕ ನೋಡಬೇಕು, ರನ್‌ವೇ ಬಿಸಿ ನೋಡಬೇಕು, ಟೇಕಾಫ್ ವೇಗ ಲೆಕ್ಕ ಹಾಕಬೇಕು. ಎಲ್ಲಕ್ಕೂ ಇರುವುದು 25 ನಿಮಿಷ. ದಿನಕ್ಕೆ ನಾಲ್ಕು ಸಲ ಹೀಗೇ. ಒಂದು ವರ್ಷ ಇದನ್ನು ಮಾಡಿದವನಿಗೆ ಗಡಿಬಿಡಿ ಅನ್ನೋದು ಮೈಗೆ ಹತ್ತುವುದಿಲ್ಲ.

ಪುಷ್‌ಬ್ಯಾಕ್ ಹೇಳಿದ ಒದ್ದಾಟ ನಿಜ. ಆದರೆ ಅದು ಸಿಮ್ಯುಲೇಟರ್‌ನಲ್ಲಿ ಕೆಲವು ವಾರಗಳ ಮಾತು. ವೇಗ ಬೇರೆ, ಎತ್ತರ ಬೇರೆ, ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು. 2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ ಎಟಿಆರ್ 72-500 ಬಿದ್ದು 72 ಜನ ಹೋದರು. ಫ್ಲ್ಯಾಪ್ ಲಿವರ್ ಎಳೆಯಬೇಕಾದ ಕಡೆ ಪ್ರೊಪೆಲ್ಲರ್ ನಿಯಂತ್ರಿಸುವ ಎರಡೂ ಕಂಡೀಷನ್ ಲಿವರ್ ಫೆದರ್‌ಗೆ (ಎಲೆಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುವ ಸ್ಥಾನ) ಹೋಗಿದ್ದವು. ಪ್ರೊಪೆಲ್ಲರ್‌ಗಳು ತಳ್ಳುವುದನ್ನೇ ನಿಲ್ಲಿಸಿದವು. ನನ್ನ ಪಕ್ಕ ಕೂರುವ ಪ್ರತಿ ಹೊಸಬರಿಗೂ ಇದನ್ನು ಹೇಳುತ್ತೇನೆ. ಲಿವರ್ ಮುಟ್ಟಿ, ಕಣ್ಣಿಂದ ನೋಡಿ, ಬಾಯಿಂದ ಹೇಳಿ, ಆಮೇಲೆ ಎಳೆಯಿರಿ. ಸಣ್ಣ ವಿಮಾನ ಅಂತ ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಬೇಸ್ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಪಿಕಪ್ ಗಾಡಿ ಬಂತು.

ಹ್ಯಾಂಗರ್ ರಾತ್ರಿಪಾಳಿ

ನಾನು ಪೈಲಟ್ ಅಲ್ಲ, ಮೇಂಟೆನೆನ್ಸ್ ಎಂಜಿನಿಯರ್. ಹದಿನೈದು ವರ್ಷದಿಂದ ರಾತ್ರಿಪಾಳಿಯಲ್ಲೇ ಇದ್ದೇನೆ. ತಮ್ಮಾ, ನೀನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಬೇಸ್‌ನಲ್ಲಿ ನಿನ್ನ ವಿಮಾನ ರಾತ್ರಿ ಎಷ್ಟು ಮಲಗುತ್ತವೆ?

ಎಲ್ಲ ವಿಮಾನವೂ ರಾತ್ರಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ಹತ್ತು ನಿಲ್ಲುತ್ತವೋ ಅಲ್ಲಿ ಬೆಳಿಗ್ಗೆ ಹತ್ತು ಹೊರಡುತ್ತವೆ. ಅಲ್ಲಿ ನಮ್ಮಂಥ ಎಂಜಿನಿಯರ್‌ಗಳು ಇರುತ್ತೇವೆ, ಸ್ಪೇರ್ ಪಾರ್ಟ್ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ಎಳೆದು ಕೊಡಬಹುದು. ಎಲ್ಲಿ ಎರಡೇ ನಿಲ್ಲುತ್ತವೋ ಅಲ್ಲಿ ಒಂದಕ್ಕೆ ಟೈರ್ ಬದಲಿಸಬೇಕು ಅಂದರೂ ಬೆಳಗಿನ ರೋಸ್ಟರ್ ಕೆಡುತ್ತದೆ. ಒಂದು ಸೆನ್ಸರ್ ಬರುವುದಕ್ಕೆ ಎರಡು ದಿನ ಕಾದಿದ್ದೂ ಇದೆ. ಆ ಎರಡು ದಿನ ನಿನ್ನಂಥ ಹುಡುಗರು ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟುಕೊಂಡು ರೂಮಿನಲ್ಲಿ ಕೂತಿರುತ್ತಾರೆ.

ಫ್ಲೀಟ್‌ಗೂ ಇದೇ ಮಾತು. ಒಟ್ಟು ಎಂಟು ವಿಮಾನ ಇರುವ ಕಡೆ ಎರಡು ದೊಡ್ಡ ಚೆಕ್‌ಗೆ ಹೋದರೆ ಕಾಲುಭಾಗ ಹೋಯಿತು. ಪೈಲಟ್‌ಗಳು ಅಷ್ಟೇ ಇರುತ್ತಾರೆ, ಗಂಟೆ ಕಡಿಮೆ ಆಗುತ್ತದೆ. ನಲವತ್ತು ಇರುವ ಕಡೆ ಎರಡು ನಿಂತರೆ ಗೊತ್ತೂ ಆಗುವುದಿಲ್ಲ. ಎಟಿಆರ್ ಒಳ್ಳೇದು, ಎಂಬ್ರೇಯರ್ (ಸಣ್ಣ ಜೆಟ್) ಕೆಟ್ಟದ್ದು ಅಂತ ಹೇಳುತ್ತಿಲ್ಲ. ಎರಡೂ ಗಟ್ಟಿ ವಿಮಾನ. ಸಂಖ್ಯೆ ಕೇಳು ಅಂತ ಹೇಳುತ್ತಿದ್ದೇನೆ.

ಮೋಡದ ಮಗಳು

ಈ ಮೇಲಿನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನನ್ನ ಕಥೆ ಕೇಳಿ.

ನಾನು ಹುಬ್ಬಳ್ಳಿಯವಳು. ಸೇರುವಾಗ ಊರಿಗೆ ಹತ್ತಿರ ಅಂತ ಒಂದು ಚಿಕ್ಕ ಬೇಸ್ ಕೇಳಿ ತೆಗೆದುಕೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಅಮ್ಮನಿಗೆ ಖುಷಿಯೋ ಖುಷಿ. ಮೊದಲ ಆರು ತಿಂಗಳಲ್ಲಿ ತಿಂಗಳಿಗೆ 30 ಗಂಟೆಯೂ ದಾಟಲಿಲ್ಲ. ಉಳಿದ ದಿನ ಸ್ಟ್ಯಾಂಡ್‌ಬೈ. ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮನೆಯಲ್ಲಿ ಕೂರಬೇಕು, ಮಾರ್ಕೆಟ್‌ಗೂ ಹೋಗುವ ಹಾಗಿಲ್ಲ. ತರಬೇತಿ ಮುಗಿದು ಹೊಸದಾಗಿ ಲೈನ್ ರಿಲೀಸ್ ಆದವಳಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಕಲಿತದ್ದು ಕೈಯಲ್ಲಿ ನಿಲ್ಲಬೇಕು ಅಂದರೆ ದಿನಾ ಹಾರಬೇಕು. ಹನ್ನೆರಡು ದಿನ ಬಿಟ್ಟು ಒಂದು ಫ್ಲೈಟ್ ಬಂದಾಗ ಚೆಕ್‌ಲಿಸ್ಟ್ ಓದುವ ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸುತ್ತಿತ್ತು.

ಆಮೇಲೆ ಕೋಲ್ಕತಾ ಕೇಳಿದೆ. ಎಲ್ಲರೂ ಹುಚ್ಚಿ ಅಂದರು. ಆದರೆ ಈಶಾನ್ಯದ ಕಡೆಯ ಹಾರಾಟ ನನ್ನನ್ನು ಪೈಲಟ್ ಮಾಡಿತು. ಶಿಲ್ಲಾಂಗ್‌ನ ಉಮ್ರೋಯ್, ಐಜ್ವಾಲ್‌ನ ಲೆಂಗ್‌ಪುಯಿ. ಬೆಟ್ಟದ ತುದಿ ಕಡಿದು ಮಾಡಿದ ರನ್‌ವೇ, ಎರಡೂ ಕಡೆ ಕಣಿವೆ. ಮಳೆಗಾಲದಲ್ಲಿ ಮೋಡ ಕಣಿವೆಯಿಂದ ಮೇಲಕ್ಕೆ ಹಾಲು ಉಕ್ಕಿದ ಹಾಗೆ ಬರುತ್ತದೆ. ಕ್ಯಾಪ್ಟನ್ ಇಳಿಸುತ್ತಾರೆ, ಆದರೆ ನೀವು ಸುಮ್ನೆ ಕೂತಿರುವುದಿಲ್ಲ. ಎತ್ತರ ಕೂಗಿ ಹೇಳುವುದು, ಹವಾಮಾನ ನೋಡುವುದು, ವಾಪಸ್ ಹೋಗುವಷ್ಟು ಇಂಧನ ಇದೆಯಾ ಅಂತ ಲೆಕ್ಕ ಇಡುವುದು, ಎಲ್ಲ ನಿಮ್ಮ ಕೆಲಸ. ಎರಡು ವರ್ಷದಲ್ಲಿ ಎಷ್ಟು ಸಲ ಇಳಿಯದೆ ಮೇಲೆದ್ದು ಗುವಾಹಟಿಗೆ ಹೋದೆವೋ ಲೆಕ್ಕ ಇಲ್ಲ. ಮೇಲೇಳುವುದು ಸೋಲಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಮೈಗೆ ಅರ್ಥವಾಯಿತು.

ಒಂದು ಪ್ರಾಯೋಗಿಕ ಮಾತು. ಹೆಣ್ಣುಮಕ್ಕಳು ಓದುತ್ತಿದ್ದರೆ ಗಮನಿಸಿ. ಬೇಸ್ ಆರಿಸುವಾಗ ಬೆಳಗಿನ ಜಾವ ಮೂರು ಗಂಟೆಗೆ ಪಿಕಪ್ ಗಾಡಿ ನಿಮ್ಮ ಬಾಗಿಲಿಗೇ ಬರುತ್ತದಾ ಅಂತ ಕೇಳಿ. ಕೆಲವು ಕಡೆ ಇಂತಿಷ್ಟು ಕಿಲೋಮೀಟರ್ ಒಳಗಿದ್ದರೆ ಮಾತ್ರ. ಅದನ್ನು ತಿಳಿದುಕೊಂಡೇ ಮನೆ ಹುಡುಕಿ. ಕೋಲ್ಕತಾದಲ್ಲಿ ನಾನು ಬಾಗುಯಿಆಟಿಯಲ್ಲಿದ್ದೆ, ವಿಮಾನ ನಿಲ್ದಾಣಕ್ಕೆ ಹತ್ತಿರ. ಮನೆ ಓನರ್ ಅಜ್ಜಿ ಮೊದಲ ವಾರ ಅನುಮಾನ ಪಟ್ಟರು, ರಾತ್ರಿ ಹೊತ್ತು ಹೋಗುವ ಕೆಲಸ ಏನು ಅಂತ. ಯೂನಿಫಾರ್ಮ್‌ನಲ್ಲಿ ನೋಡಿದ ಮೇಲೆ ಪ್ರತಿಸಲ ಹೊರಡುವಾಗ ದುರ್ಗಾ ದುರ್ಗಾ ಅಂತ ಹೇಳಿ ಕಳಿಸುತ್ತಿದ್ದರು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಎಷ್ಟು ವಿಮಾನ ಮಲಗುತ್ತವೆ ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಳೆ ಫೋನ್ ಮಾಡಿ ಕೇಳುತ್ತೇನೆ. ಆದರೆ ಅವರು ಹೇಳುತ್ತಾರಾ? ಹೊಸಬ ಇಷ್ಟೆಲ್ಲ ಕೇಳುತ್ತಾನೆ ಅಂತ ಅಂದುಕೊಂಡರೆ?

ಎಡಗಡೆ ಸೀಟು

ಕೇಳಿ, ಹೇಳುತ್ತಾರೆ. ಎಚ್‌ಆರ್‌ಗೆ ಗೊತ್ತಿಲ್ಲದಿದ್ದರೆ ಅಲ್ಲೇ ಹಾರುತ್ತಿರುವ ಫಸ್ಟ್ ಆಫೀಸರ್ ಒಬ್ಬರನ್ನು ಹುಡುಕಿ. ಮೂರು ವಿಷಯ ಕೇಳಿ ಸಾಕು. ಕಳೆದ ಮೂರು ತಿಂಗಳು ಎಷ್ಟೆಷ್ಟು ಗಂಟೆ ಹಾರಿದಿರಿ? ಬೇಸ್ ಬದಲಾವಣೆ ಕೇಳಿದವರಿಗೆ ಎಷ್ಟು ದಿನಕ್ಕೆ ಸಿಕ್ಕಿತು? ನಿಮ್ಮ ಬೇಸ್‌ನಲ್ಲಿ ಕ್ಯಾಪ್ಟನ್ ಎಷ್ಟು, ಫಸ್ಟ್ ಆಫೀಸರ್ ಎಷ್ಟು? ಕ್ಯಾಪ್ಟನ್‌ಗಳು ಕಡಿಮೆ ಇದ್ದು ಫಸ್ಟ್ ಆಫೀಸರ್‌ಗಳು ಜಾಸ್ತಿ ಇದ್ದರೆ ನಿಮಗೆ ಹಾರಾಟ ಹಂಚಿಹೋಗುತ್ತದೆ.

ಕಾಗದದಲ್ಲಿ ನೋಡಬೇಕಾದ್ದು ಬೇರೆ ಇದೆ. ಬಾಂಡ್ (ಬಿಡದೆ ಕೆಲಸ ಮಾಡುವ ಕರಾರು) ಎಷ್ಟು ವರ್ಷ, ಟೈಪ್ ರೇಟಿಂಗ್ (ಒಂದು ಬಗೆಯ ವಿಮಾನ ಹಾರಿಸುವ ಅರ್ಹತೆ) ದುಡ್ಡು ಯಾರದ್ದು, ಆರು ತಿಂಗಳಿಗೊಮ್ಮೆಯ ಸಿಮ್ಯುಲೇಟರ್ ಚೆಕ್ ಎಲ್ಲಿ ನಡೆಯುತ್ತದೆ. 2017ರ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಕೂಡ ನೆನಪಿರಲಿ. ಫಸ್ಟ್ ಆಫೀಸರ್ ಬಿಡಬೇಕು ಅಂದರೆ ಆರು ತಿಂಗಳ ನೋಟಿಸ್, ಕ್ಯಾಪ್ಟನ್‌ಗೆ ಒಂದು ವರ್ಷ. ಆಮೇಲೆ ಬದಲಾಯಿಸಿದರಾಯಿತು ಅನ್ನೋದು ಅಷ್ಟು ಸುಲಭ ಅಲ್ಲ.

ಮುಂದಿನ ದಾರಿ ಬಗ್ಗೆಯೂ ಒಂದು ಮಾತು. ನಮ್ಮ ದೇಶದಲ್ಲಿ ಎಟಿಆರ್ ಹಾರಿಸುವವರು ಒಬ್ಬರಲ್ಲ. ಇಂಡಿಗೊ ಇದೆ, ಅಲಯನ್ಸ್ ಏರ್ ಇದೆ, 2024ರಲ್ಲಿ ಶುರುವಾದ ಗೋವಾದ ಫ್ಲೈ91 ಇದೆ. ಎಟಿಆರ್ 42, 72 ಎರಡಕ್ಕೂ ಒಂದೇ ಟೈಪ್ ರೇಟಿಂಗ್. ಎಂಬ್ರೇಯರ್ ಅಂದರೆ ಇಲ್ಲಿ ಸ್ಟಾರ್ ಏರ್. 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿಗೆ 50 ಸೀಟಿನ ಇ145ರಿಂದ ಶುರು ಮಾಡಿದರು, 2023ರಲ್ಲಿ 76 ಸೀಟಿನ ಇ175 ತಂದರು. ಚೆಂದದ ವಿಮಾನ. ಹೊರದೇಶದಲ್ಲಿ ಆ ರೇಟಿಂಗ್‌ಗೆ ತುಂಬಾ ಬೆಲೆ ಇದೆ. ಇಲ್ಲಿ ಮಾತ್ರ ಬಾಗಿಲುಗಳು ಕಡಿಮೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ನನ್ನ ಗೆಳೆಯರು ರಾತ್ರಿ ಬೆಳಗಾಗುವುದರೊಳಗೆ ಬೀದಿಗೆ ಬಂದರು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಎಷ್ಟು ದೂರದಲ್ಲಿದೆ ಅಂತ ಆಗಿನಿಂದ ನಾನು ಲೆಕ್ಕ ಹಾಕುತ್ತೇನೆ.

ಪುಷ್‌ಬ್ಯಾಕ್

ಸರ್, ಈ ಬಾಗಿಲಿನ ಲೆಕ್ಕ ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ. ದೆಹಲಿ ಕಡೆ ಚಳಿಗಾಲದ ಮಂಜಿನಲ್ಲಿ ಎ320ಗಳು ಕ್ಯಾಟ್ 3ರಲ್ಲಿ (ಹೊರಗೆ ಸರಿಯಾಗಿ ಕಾಣದಿದ್ದಾಗ ಉಪಕರಣಗಳ ಸಹಾಯದಿಂದ) ಇಳಿಯುತ್ತವೆ, ಎಟಿಆರ್‌ಗೆ ಆ ಸೌಲಭ್ಯ ಇಲ್ಲ. ಆ ಅನುಭವ ಇಲ್ಲದೆ ಮುಂದೆ ಕಷ್ಟ ಆಗುವುದಿಲ್ಲವಾ?

ಎಡಗಡೆ ಸೀಟು

ಅದು ಟ್ರೈನಿಂಗ್ ತೆಗೆದುಕೊಂಡು ಕಲಿಯುವ ವಿಷಯ, ವಿಮಾನ ಬದಲಾದಾಗ ಕಲಿಸುತ್ತಾರೆ. ಪಕ್ಕದಿಂದ ಹೊಡೆಯುವ ಗಾಳಿಯಲ್ಲಿ ಕೈಯಿಂದ ಇಳಿಸುವುದನ್ನು ಯಾರೂ ಎರಡು ವಾರದಲ್ಲಿ ಕಲಿಸಲಾರರು.

ದಾವಣಗೆರೆ ಟು ಡಲ್ಲಾಸ್

ಅಮೆರಿಕದಿಂದ ಬರೆಯುತ್ತಿದ್ದೇನೆ. ಊರು ದಾವಣಗೆರೆ, ಇಲ್ಲಿ ಬಂದು ಹದಿನಾಲ್ಕು ವರ್ಷ. ಸಾಫ್ಟ್‌ವೇರ್ ಬಿಟ್ಟು 34ನೇ ವಯಸ್ಸಿಗೆ ಪೈಲಟ್ ಆದವನು. ಒಂದು ಪ್ರಾದೇಶಿಕ ಏರ್‌ಲೈನ್‌ನಲ್ಲಿದ್ದೇನೆ. ಇಲ್ಲಿನ ಪದ್ಧತಿ ಬೇರೆ, ಆದರೆ ನಾನು ಮಾಡಿದ ತಪ್ಪು ನಿಮಗೆ ಉಪಯೋಗಕ್ಕೆ ಬರಬಹುದು.

ಇಲ್ಲಿ ಎಲ್ಲ ನಡೆಯುವುದು ಸೀನಿಯಾರಿಟಿ ನಂಬರ್ ಮೇಲೆ. ಕ್ಲಾಸ್‌ನ ಮೊದಲ ದಿನ ನಂಬರ್ ಕೊಡುತ್ತಾರೆ. ನಮ್ಮಲ್ಲಿ ವಯಸ್ಸಾದವರಿಗೆ ಮೊದಲ ನಂಬರ್, ಹಾಗಾಗಿ ನನ್ನದು ಬೇಗ ಬಂತು. ಬೋರ್ಡ್ ಮೇಲೆ ಬರೆದಿದ್ದರು. ಇಷ್ಟು ಸಿಆರ್‌ಜೆ (ಇನ್ನೊಂದು ಸಣ್ಣ ಜೆಟ್) ಜಾಗ, ಇಷ್ಟು ಇ175 ಜಾಗ, ಇಂಥಿಂಥ ಊರು. ಸಿಆರ್‌ಜೆ 200ಕ್ಕೆ ಆಟೋ ಥ್ರಾಟಲ್ ಇಲ್ಲ. ರೆಕ್ಕೆಯ ಮುಂಭಾಗದಲ್ಲಿ ಸ್ಲ್ಯಾಟ್‌ಗಳೂ ಇಲ್ಲ, ಹಾಗಾಗಿ ಮೂಗು ಕೆಳಗೆ ಮಾಡಿಕೊಂಡು ಇಳಿಯುತ್ತದೆ. ಕಾಕ್‌ಪಿಟ್ ಇಕ್ಕಟ್ಟು. ಇ175 ಹೊಸ ಕಾರಿನ ಹಾಗೆ, ಆಟೋ ಥ್ರಾಟಲ್ ಇದೆ, ಜಾಗ ಇದೆ. ನಾನು ಕಣ್ಣು ಮುಚ್ಚಿ ಇ175 ಅಂದೆ. ಅದರ ಖಾಲಿ ಜಾಗ ಇದ್ದದ್ದು ಪೂರ್ವ ತೀರದಲ್ಲಿ. ನನ್ನ ಮನೆ, ಹೆಂಡತಿ, ನಾಲ್ಕು ವರ್ಷದ ಮಗಳು ಡಲ್ಲಾಸ್ ಹತ್ತಿರ.

ಮುಂದಿನ ಹದಿನಾಲ್ಕು ತಿಂಗಳು ಕೆಲಸಕ್ಕೆ ವಿಮಾನದಲ್ಲೇ ಹೋಗಿ ಬಂದೆ. ಬೆಳಗಿನ ಡ್ಯೂಟಿ ಇದ್ದರೆ ಹಿಂದಿನ ದಿನ ಮಧ್ಯಾಹ್ನವೇ ಹೊರಡಬೇಕು. ಸೀಟು ಖಾಲಿ ಇದ್ದರೆ ಹತ್ತಬೇಕು, ಇಲ್ಲದಿದ್ದರೆ ಕಾಕ್‌ಪಿಟ್‌ನ ಜಂಪ್‌ಸೀಟ್ ಕೇಳಬೇಕು. ಅಲ್ಲಿ ಮಲಗಲು ಒಂದು ಕ್ರ್ಯಾಶ್‌ಪ್ಯಾಡ್ ಇತ್ತು. ಒಂದು ರೂಮಿನಲ್ಲಿ ಎಂಟು ಮಂಚ, ಒಂದರ ಮೇಲೊಂದು. ಯಾರೋ ಬೆಳಿಗ್ಗೆ ಮೂರಕ್ಕೆ ಅಲಾರಂ ಇಟ್ಟಿರುತ್ತಾರೆ, ಯಾರೋ ರಾತ್ರಿ ಒಂದಕ್ಕೆ ಬರುತ್ತಾರೆ. ಮಂಚಕ್ಕೆ ಒಂದು ಬೆಡ್‌ಶೀಟ್ ಪರದೆ ಕಟ್ಟಿಕೊಂಡಿದ್ದೆ. ರಿಸರ್ವ್‌ನಲ್ಲಿದ್ದಾಗ (ನಿಮ್ಮ ಸ್ಟ್ಯಾಂಡ್‌ಬೈ ಥರ) ಅಲ್ಲೇ ಆರು ದಿನ, ಫೋನ್ ಬರದೇ ಇದ್ದರೂ ಅಲ್ಲೇ. ತಿಂಗಳಿಗೆ ಹನ್ನೆರಡು ದಿನ ರಜೆ ಅಂತ ಕಾಗದದ ಮೇಲೆ ಇತ್ತು. ಮನೆಯಲ್ಲಿ ನಿದ್ದೆ ಮಾಡಿದ್ದು ಏಳೋ ಎಂಟೋ ರಾತ್ರಿ. ಒಂದು ಸಲ ಮಗಳು ವಿಡಿಯೊ ಕಾಲ್‌ನಲ್ಲಿ ಅಪ್ಪ ನಿನ್ನ ಮನೆ ತೋರಿಸು ಅಂದಳು. ನಿನ್ನ ಮನೆ ಅಂದಳು. ಆ ವಾರವೇ ಸಿಆರ್‌ಜೆಗೆ ಬಿಡ್ (ಕೋರಿಕೆ) ಹಾಕಿ ಡಲ್ಲಾಸ್ ಬೇಸ್ ಕೇಳಿದೆ.

ಈ ಪ್ರಯಾಣ ಬರೀ ಮನೆಯವರ ಪ್ರಶ್ನೆ ಅಲ್ಲ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಏರ್‌ನ ಕ್ಯೂ400 ಪ್ರೊಪೆಲ್ಲರ್ ವಿಮಾನ ಬಿದ್ದು 50 ಜನ ಸತ್ತರು. ಬೇಸ್ ನ್ಯೂವರ್ಕ್. ಫಸ್ಟ್ ಆಫೀಸರ್ ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು, ಕ್ಯಾಪ್ಟನ್ ಮನೆ ಫ್ಲೋರಿಡಾದಲ್ಲಿತ್ತು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ಆದರೆ ಪೈಲಟ್‌ಗಳ ದಣಿವು, ದೂರದಿಂದ ಬಂದು ಹಾರುವುದು, ಇವೆಲ್ಲ ದೇಶದ ಚರ್ಚೆ ಆದದ್ದು ಆಗಲೇ. 2013ರಿಂದ ಇಲ್ಲಿ ಫಸ್ಟ್ ಆಫೀಸರ್ ಆಗಲು ಸಾಮಾನ್ಯವಾಗಿ 1500 ಗಂಟೆ ಬೇಕು ಅನ್ನುವ ನಿಯಮದ ಹಿಂದೆಯೂ ಆ ಅಪಘಾತವೇ ಇದೆ.

ತಮ್ಮಾ, ನೀವು ಯಾವ ಬೇಸ್ ತೆಗೆದುಕೊಂಡರೂ ಅಲ್ಲೇ ಮನೆ ಮಾಡಿ. ಬೇಸ್ ಒಂದು ಕಡೆ, ಮಲಗುವುದು ಇನ್ನೊಂದು ಕಡೆ ಮಾಡಬೇಡಿ.

ಯಲಹಂಕದ ಮನೆಯವಳು

ನಾನು ಪೈಲಟ್ ಹೆಂಡತಿ. ಮೇಲಿನದ್ದು ಓದಿ ಕಣ್ಣು ತುಂಬಿ ಬಂತು. ನಮ್ಮವರು ಮೂರು ವರ್ಷ ಹೈದರಾಬಾದ್ ಬೇಸ್, ನಾನು ಇಲ್ಲಿ ಸ್ಕೂಲ್ ಕೆಲಸ ಬಿಡಲಿಲ್ಲ. ವಾರದ ರಜೆ ಬಂದ ಕೂಡಲೇ ರಾತ್ರಿ ರೈಲಿಗೋ ಕೊನೆಯ ಫ್ಲೈಟಿಗೋ ಓಡಿ ಬರುತ್ತಿದ್ದರು. ಬಂದವರು ಸೋಫಾ ಮೇಲೆ ಬೂಟು ಬಿಚ್ಚದೆ ನಿದ್ದೆ ಹೋಗುತ್ತಿದ್ದರು. ಆಗ ವಾರದ ವಿಶ್ರಾಂತಿ 36 ಗಂಟೆ. ಅದರಲ್ಲಿ ಹೋಗಿ ಬರುವುದಕ್ಕೇ ಹತ್ತು ಹನ್ನೆರಡು ಗಂಟೆ. ಈಗ ಹೊಸ ನಿಯಮದಲ್ಲಿ 48 ಆಗಿದೆ, ಅದು ನಮ್ಮಂಥ ಮನೆಗಳಿಗೆ ಎಷ್ಟು ದೊಡ್ಡ ವಿಷಯ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಬೆಂಗಳೂರು ಬೇಸ್ ಸಿಕ್ಕರೆ ಊರಿಗೆ ಹತ್ತಿರ ಅಂತ ಮೋಸ ಹೋಗಬೇಡಿ. ಬೇಸ್ ಇರುವುದು ದೇವನಹಳ್ಳಿಯಲ್ಲಿ. ನೆಂಟರ ಮನೆ ಜಯನಗರದಲ್ಲಿದೆ, ಅಲ್ಲೇ ಇರುತ್ತೇನೆ ಅಂದರೆ ಸಂಜೆ ಹೊತ್ತು ಹೆಬ್ಬಾಳ ದಾಟುವುದರಲ್ಲೇ ಒಂದು ಸೆಕ್ಟರ್ (ಒಂದು ಹಾರಾಟ) ಮುಗಿದಿರುತ್ತದೆ. ಯಲಹಂಕ, ಬಾಗಲೂರು, ದೇವನಹಳ್ಳಿ ಈ ಕಡೆಯೇ ನೋಡಿ. ಮತ್ತೆ, ರೂಮಿಗೆ ಗಟ್ಟಿ ಪರದೆ ಹಾಕಿಸಿಕೊಳ್ಳಿ. ಮಧ್ಯಾಹ್ನ ಮಲಗಬೇಕಾಗುತ್ತದೆ. ಪಕ್ಕದಲ್ಲಿ ಕಲ್ಯಾಣ ಮಂಟಪ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇದು ಚಿಕ್ಕ ಮಾತು ಅಂತ ಅನಿಸಬಹುದು, ನಾವು ಇದೇ ಕಾರಣಕ್ಕೆ ಒಂದು ಮನೆ ಬಿಟ್ಟಿದ್ದೇವೆ.

ಹ್ಯಾಂಗರ್ ರಾತ್ರಿಪಾಳಿ

ಕಲ್ಯಾಣ ಮಂಟಪದ ಮಾತು ಅಪ್ಪಟ ಸತ್ಯ ಅಕ್ಕಾ. ರಾತ್ರಿಪಾಳಿಯವರಿಗೂ ಅದೇ ಪಾಡು.

ತುಂಗಾತೀರ

ನಿನ್ನೆ ಇಬ್ಬರು ಫಸ್ಟ್ ಆಫೀಸರ್‌ಗಳ ಜೊತೆ ಮಾತಾಡಿದೆ. ಒಬ್ಬರು ಹೈದರಾಬಾದ್, ಒಬ್ಬರು ಬೆಂಗಳೂರು, ಇಬ್ಬರೂ ಎಟಿಆರ್. ಹೈದರಾಬಾದ್‌ನವರು ಮೂರು ತಿಂಗಳೂ 70 ಗಂಟೆ ಮೇಲೆ ಹಾರಿದ್ದಾರೆ. ಬೆಂಗಳೂರಿನವರದ್ದು 50ರ ಹತ್ತಿರ. ಯಾಕೆ ಅಂದರೆ ಬೆಂಗಳೂರು ಎಲ್ಲರೂ ಕೇಳುತ್ತಾರೆ, ಜನ ಜಾಸ್ತಿ ಇದ್ದಾರೆ, ಹೊಸಬರಿಗೆ ಸ್ಟ್ಯಾಂಡ್‌ಬೈ ಜಾಸ್ತಿ ಬರುತ್ತದೆ. ಬೇಸ್ ಬದಲಾವಣೆ ಪಟ್ಟಿ ಉದ್ದ ಇದೆ, ಆದರೆ ಒಂದೂವರೆ ಎರಡು ವರ್ಷದಲ್ಲಿ ಸಿಗುತ್ತಿದೆಯಂತೆ.

ರಾತ್ರಿ ಅಪ್ಪನ ಹತ್ತಿರ ಕೂತು ಲೆಕ್ಕ ಮಾಡಿದೆ. ತಿಂಗಳಿಗೆ 20 ಗಂಟೆ ವ್ಯತ್ಯಾಸ ಅಂದರೆ ವರ್ಷಕ್ಕೆ 240. ಕ್ಯಾಪ್ಟನ್ ಲೈಸೆನ್ಸ್‌ಗೆ ಬೇಕಾದ 1500 ಗಂಟೆ ತಲುಪುವುದರಲ್ಲಿ ಸುಮಾರು ಏಳು ತಿಂಗಳು ಮುಂದೆ ಹಿಂದೆ ಆಗುತ್ತದೆ. ಗಂಟೆ ಜಾಸ್ತಿ ಹಾರಿದರೆ ಭತ್ಯೆಯೂ ಜಾಸ್ತಿ, ಸಾಲದ ಕಂತಿಗೆ ಅದೇ ಬೇಕು. ಅಪ್ಪ ಒಂದೇ ಮಾತು ಕೇಳಿದರು. ಅಲ್ಲಿ ಊಟ ಹೇಗೆ ಅಂತ.

ಜೆಟ್ ಬಗ್ಗೆ ಆಸೆ ಇಲ್ಲ ಅಂತ ಹೇಳುವುದಿಲ್ಲ. ಆದರೆ ಬೇಸ್ ಎಲ್ಲಿ, ಎಷ್ಟು ಹಾರಾಟ ಸಿಗುತ್ತದೆ ಅಂತ ಗೊತ್ತಿಲ್ಲದೆ ಸಾಲದ ಮೇಲೆ ಸಾಲ ಮಾಡಲು ಧೈರ್ಯ ಬರುತ್ತಿಲ್ಲ.

ಪುಷ್‌ಬ್ಯಾಕ್

ನಿಮ್ಮ ಲೆಕ್ಕ ನೋಡಿದ ಮೇಲೆ ನನ್ನ ಮಾತು ಬದಲಾಯಿಸುತ್ತೇನೆ. ಮನೆಯ ಸಾಲ ನನಗೆ ಇರಲಿಲ್ಲ, ಹಾಗಾಗಿ ನಾನು ಹೇಳಿದ್ದು ನನ್ನ ಪರಿಸ್ಥಿತಿಗೆ ಸರಿ. ಗಂಟೆ ಸಿಗುವ ಕಡೆ ಹೋಗಿ. ಸೀಟು ಸಿಕ್ಕ ಮೇಲೆ ಮೊದಲ ವರ್ಷ ಟೆಕ್ನಿಕಲ್ ಪುಸ್ತಕ ದಿನಾ ಅರ್ಧ ಗಂಟೆ ಓದಿ, ಮುಂದೆ ಜೆಟ್ ಇಂಟರ್‌ವ್ಯೂಗೆ ಅದೇ ಕೈ ಹಿಡಿಯುತ್ತದೆ.

ಮೋಡದ ಮಗಳು

ತುಂಗಾತೀರ, ಒಂದು ಖುಷಿ ವಿಷಯ ಹೇಳುತ್ತೇನೆ. ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕರ ಫ್ಲೈಟ್ ಎಟಿಆರ್‌ನದ್ದೇ. ನಾನು ಆಮೇಲೆ ಕೆಲವು ಸಲ ಆ ನಿಲ್ದಾಣ ಇರುವ ಸೋಗಾನೆಗೆ ಹೋಗಿದ್ದೇನೆ. ಮಳೆಗಾಲ ಮುಗಿದು ಆಕಾಶ ತೊಳೆದ ಹಾಗೆ ಇರುವ ಬೆಳಿಗ್ಗೆ ಕೂಡ್ಲಿ ಕಾಣಿಸುತ್ತದೆ. ತುಂಗೆ ಒಂದು ಕಡೆಯಿಂದ, ಭದ್ರೆ ಒಂದು ಕಡೆಯಿಂದ ಬಂದು ಸೇರುವ ಜಾಗ. ಜೆಟ್‌ನಲ್ಲಿ ಮೇಲಿನಿಂದ ದಾಟಿ ಹೋಗುವವರಿಗೆ ಅದು ಸಿಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಮೋಡ ಕೂತುಬಿಟ್ಟರೆ ಬೆಂಗಳೂರಿಗೆ ವಾಪಸ್, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಊರು ಕೆಳಗೇ ಇದ್ದರೂ ಇಳಿಯದೆ ತಿರುಗುವುದು ಬೇರೆ ಥರ ಕಷ್ಟ.

ತುಂಗಾತೀರ

ಈಗ ತಾನೇ ಫಾರ್ಮ್ ಕಳಿಸಿದೆ. ಎಟಿಆರ್. ಬೇಸ್ 1 ಹೈದರಾಬಾದ್, 2 ಬೆಂಗಳೂರು, 3 ಕೋಲ್ಕತಾ. ಟೈಪ್ ರೇಟಿಂಗ್ ಮುಂದಿನ ತಿಂಗಳು ಶುರು. ಶಂಷಾಬಾದ್ ಕಡೆ ಯಾರಿಗಾದರೂ ರೂಮ್ ಗೊತ್ತಾ? ಪಿಕಪ್ ಗಾಡಿ ಬರುವಷ್ಟು ಹತ್ತಿರ ಇರಬೇಕು.

ಯಲಹಂಕದ ಮನೆಯವಳು

ನಮ್ಮವರು ಮೊದಲು ಇದ್ದ ಮನೆ ಅತ್ತಾಪುರದಲ್ಲಿದೆ. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಏರ್‌ಪೋರ್ಟ್ ಬೇಗ ಸಿಗುತ್ತದೆ. ಮೂರನೇ ಮಹಡಿ, ಎರಡು ರೂಮ್, ಈಗ ಇನ್ನೊಬ್ಬ ಫಸ್ಟ್ ಆಫೀಸರ್ ಇದ್ದಾನೆ, ಸಿರ್ಸಿ ಹುಡುಗ, ಒಂದು ರೂಮ್ ಖಾಲಿ ಇದೆ ಅಂತ ಕಳೆದ ವಾರ ಹೇಳುತ್ತಿದ್ದ. ಪರದೆ ನಾನೇ ಹೊಲಿಸಿ ಹಾಕಿದ್ದು, ಇನ್ನೂ ಅಲ್ಲೇ ಇವೆ. ಮೆಸೇಜ್ ಮಾಡಿ, ಅವನ ನಂಬರ್ ಕೊಡುತ್ತೇನೆ. ಅಪ್ಪನಿಗೆ ಹೇಳಿ, ಕೆಳಗಡೆ ಬೀದಿಯಲ್ಲಿ ಉಡುಪಿ ಹೋಟೆಲ್ ಇದೆ, ಬೆಳಿಗ್ಗೆ ಐದೂವರೆಗೇ ಇಡ್ಲಿ ಸಿಗುತ್ತದೆ.